ಒರೆಯ ಒಳಪದರ

ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಚಾಕು ಇತ್ತು, ಚಾಕು ಹಿಡಿದು ನಿಂತ ಭಾಮೈದನಿದ್ದ, ಅವನ ಬೆನ್ನ ಹಿಂದೆ ಕುಲುಮೆಯ ಬೆಂಕಿಯೂ ಇತ್ತು. ಒರೆ ಮಾತ್ರ ಇರಲಿಲ್ಲ. ಕಣ್ಣು ಕಿರಿದು ಮಾಡಿ ಹುಡುಕಿದರೆ ಕೆಳಗಿನ ಮೂಲೆಯಲ್ಲಿ, ಕಾಗದಗಳು ಗಾಳಿಗೆ ಹಾರದಂತೆ ಮೇಲೆ ಇಟ್ಟಿದ್ದ ಕಂದು ಬಣ್ಣದ ಯಾವುದೋ ವಸ್ತುವಿನ ಅಂಚು ಕಾಣುತ್ತಿತ್ತು. ಅದು ಭಾವನಾದ ಅವನು ಎರಡು ದಿನ ಕೂತು ಹೊಲಿದ ಚರ್ಮದ ಒರೆ.

ಹೆಂಡತಿ ಆ ಪುಟಕ್ಕೆ ಫ್ರೇಮು ಹಾಕಿಸಿ ಊಟದ ಮೇಜಿನ ಎದುರು ತೂಗುಹಾಕಿದಳು. ಫ್ರೇಮಿನ ಅಳತೆಗೆ ಕತ್ತರಿಸುವಾಗ ಆ ಮೂಲೆಯೂ ಹೋಯಿತು. ಅಂದಿನಿಂದ ಅವನು ಅದರ ಮುಂದೆ ಕೂತೇ ತುತ್ತು ನುಂಗಬೇಕಾಯಿತು.

ಅಂಗಡಿ ಅವನದು. ಅವನ ಅಪ್ಪ ಕುದುರೆಯ ಜೀನು, ಬೆಲ್ಟು, ಚೀಲ ಹೊಲಿಯುತ್ತಿದ್ದ ಅಂಗಡಿ. ಎಂಟು ವರ್ಷದ ಹಿಂದೆ ಹೆಂಡತಿಯ ತಮ್ಮ ಇದ್ದ ಕೆಲಸ ಬಿಟ್ಟು ಒಂದು ಟ್ರಂಕು ಹಿಡಿದು ಬಂದಾಗ ಹಿಂದಿನ ಕೋಣೆ ಖಾಲಿ ಮಾಡಿಕೊಟ್ಟವನೂ ಅವನೇ. ಪಾಪ, ಏನೋ ಕುಟ್ಟಿಕೊಂಡಿರಲಿ ಎಂದುಕೊಂಡಿದ್ದ. ಭಾಮೈದ ಕುಟ್ಟಿದ. ಮೊದಲು ತೋಟದ ಕತ್ತಿ, ಆಮೇಲೆ ಅಡುಗೆಮನೆಯ ಚಾಕು, ಕೊನೆಗೆ ಸೈನಿಕರ ಚಾಕು. ಗೇಣುದ್ದದ ಅಲಗು. ಮಡಚುವಂಥದ್ದಲ್ಲ, ಮೊನೆಯಿಂದ ಹಿಡಿಯ ಕೊನೆಯವರೆಗೆ ಒಂದೇ ಉಕ್ಕಿನ ಪಟ್ಟಿ. ಸರ್ಕಾರ ಕೊಟ್ಟ ಚಾಕು ಸೊಂಟದಲ್ಲಿ ಇರುವಾಗಲೇ ಸೈನಿಕರು ಒಂದು ತಿಂಗಳ ಸಂಬಳ ಸುರಿದು ಇದನ್ನು ಕೊಂಡರು. ರಜೆಯಲ್ಲಿ ಬಂದವರು ಅಂಗಡಿಗೆ ನುಗ್ಗಿ, ಅವನ ಮೇಜನ್ನು ಸುತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ, ಭಾಮೈದನ ಕೈ ಕುಲುಕಿ 'ಮಾಸ್ಟರ್' ಎನ್ನುತ್ತಿದ್ದರು. ಹೊರಗೆ ಹೋಗುವಾಗ ಅವನನ್ನೂ ಮಾತಾಡಿಸುತ್ತಿದ್ದರು. ಅವರಲ್ಲಿ ಯಾರೋ ಒಬ್ಬ ಅವನಿಗೆ 'ಚೀಲದಣ್ಣ' ಎಂದು ಹೆಸರಿಟ್ಟ. ಎಲ್ಲರೂ ನಕ್ಕರು, ಅವನೂ ನಕ್ಕ.

ಭಾಮೈದ ಪ್ರತಿ ಅಲಗಿನ ಮೇಲೂ ತನ್ನ ಗುರುತು ಒತ್ತುತ್ತಿದ್ದ. ಒಂದು ಸಲ ಅವನು, ಒರೆಯ ಹಿಂದೆ ತನ್ನದೂ ಒಂದು ಸಣ್ಣ ಗುರುತು ಇರಲಿ ಎಂದು ಹೇಳಿ ನೋಡಿದ.

"ಒತ್ಕೊಳ್ಳಿ ಭಾವ, ಅದಕ್ಕೆ ನನ್ನ ಕೇಳ್ಬೇಕಾ?" ಎಂದ ಭಾಮೈದ, ಸಾಣೆಯಿಂದ ತಲೆ ಎತ್ತದೆ. "ಆದ್ರೆ ಆ ಕಡೆ ಪ್ಯಾಂಟಿಗೆ ಅಂಟ್ಕೊಂಡಿರುತ್ತಲ್ಲ. ಯಾರೂ ನೋಡಲ್ಲ."

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಮರೆಯಬಹುದಿತ್ತು.

ನಂತರ ಮೇಜರ್ ಬಂದರು. ಬೆಟ್ಟದ ಗಡಿಯಲ್ಲಿರುವ ತುಕಡಿಯವರು. ಮಿತಭಾಷಿ. ನಲವತ್ತು ಚಾಕು, ನಲವತ್ತು ಒರೆ ಬೇಕೆಂದರು. ಒಂದು ಚಳಿಗಾಲ ಅವು ತಾಳಿಕೊಂಡರೆ ಮುಂದಿನ ವರ್ಷ ಮುನ್ನೂರು. ಅವರು ಹೋದ ಮೇಲೆ ಭಾಮೈದ ಅಳತೆಪಟ್ಟಿ ತಂದು ಮುಂದಿನ ಕೋಣೆಯನ್ನು ಅಳೆದ. ಮುನ್ನೂರಕ್ಕೆ ಹಿಂದಿನ ಕೋಣೆ ಸಾಲದು, ಎರಡನೇ ಕುಲುಮೆ ಬೇಕು, ಭಾವನ ಮೇಜನ್ನು ಮಹಡಿಗೆ ಸಾಗಿಸಿದರೆ ಜಾಗವಾಗುತ್ತದೆ ಎಂದು ಅಕ್ಕನಿಗೆ ವಿವರಿಸಿದ. ಅವಳು, ಮಹಡಿಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಎಂದಳು. ಮೇಜಿನ ಮುಂದೆ ಕೂತಿದ್ದವನನ್ನು ಇಬ್ಬರೂ ಕೇಳಲಿಲ್ಲ. ಅಪ್ಪನ ಕಾಲದಿಂದ ಆ ಕಿಟಕಿಯ ಪಕ್ಕದಲ್ಲಿದ್ದ ಮೇಜು ಅದು. ಅದರ ಕಾಲುಗಳು ನೆಲದಲ್ಲಿ ಕುಳಿ ಮಾಡಿದ್ದವು.

ಆ ಮುನ್ನೂರು ಬರಕೂಡದು ಎಂದು ಅವನು ನಿಶ್ಚಯಿಸಿದ್ದು ಆಗ. ಸಿಟ್ಟಿನಲ್ಲಿ ಅಲ್ಲ, ದಾರಕ್ಕೆ ಮೇಣ ತೀಡುತ್ತಾ.

ಅಲಗನ್ನು ಮುಟ್ಟುವ ಯೋಚನೆ ಅವನಿಗೆ ಕ್ಷಣವೂ ಬರಲಿಲ್ಲ. ಭಾಮೈದ ತನ್ನ ಉಕ್ಕನ್ನು ತಾಯಿ ಮಗುವನ್ನು ಬಲ್ಲಂತೆ ಬಲ್ಲ. ಒಂದು ಗೀರು ಹೆಚ್ಚಿದ್ದರೂ ಹಿಡಿಯುತ್ತಾನೆ. ಆದರೆ ಒರೆಯ ಕಡೆ ಯಾರೂ ನೋಡುವುದಿಲ್ಲ. ಎಂಟು ವರ್ಷ ಅವನನ್ನು ಕೊರೆದ ಆ ಸಂಗತಿಯೇ ಈಗ ಅನುಕೂಲಕ್ಕೆ ಬಂತು. ಮುಚ್ಚುಮರೆ ಬೇಕಿಲ್ಲ, ಬಾಗಿಲು ಹಾಕಿಕೊಳ್ಳಬೇಕಿಲ್ಲ. ಹಾಡಹಗಲಲ್ಲಿ, ರಸ್ತೆಗೆ ಕಾಣುವ ಕಿಟಕಿಯ ಪಕ್ಕ ಕೂತು, ಹಿಂದಿನ ಕೋಣೆಯ ಸುತ್ತಿಗೆಯ ಸದ್ದು ಕೇಳುತ್ತಾ ಮಾಡಬಹುದಾದ ಅಪರಾಧ.

ಭಾಮೈದನ ಉಕ್ಕು ತುಕ್ಕು ಹಿಡಿಯದ ಜಾತಿಯದಲ್ಲ. ಹರಿತ ಹೆಚ್ಚು ದಿನ ನಿಲ್ಲಬೇಕೆಂದು ಅವನು ಹಟ ಹಿಡಿದು ಆರಿಸಿದ್ದ ಉಕ್ಕು. ಎಣ್ಣೆ ಕಾಣಿಸದಿದ್ದರೆ ತುಕ್ಕು ಹಿಡಿಯುತ್ತದೆ ಎಂದು ಅವನೇ ಎಲ್ಲರಿಗೂ ಹೇಳುತ್ತಿದ್ದ. ಹಾಗಾಗಿ ತುಕ್ಕು ಬಂದರೆ ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ಇನ್ನು ಚರ್ಮ. ಚರ್ಮಕ್ಕೆ ಕುಡಿಸಿದ್ದನ್ನೆಲ್ಲ ಅದು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಉಪ್ಪು ಮತ್ತು ಹುಳಿಯ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಒರೆಯೊಳಗೆ ಒಂದು ತೆಳು ಪದರವಾಗಿ ಸೇರಿಸಿದರೆ ಮೇಲಿನಿಂದ ಏನೂ ಕಾಣದು. ಒಣಹವೆಯಲ್ಲಿ ಅದು ಸುಮ್ಮನಿರುತ್ತದೆ. ಬೆಟ್ಟದ ಮಂಜು, ಮೈಯ ಬೆವರು ತಾಗಿದಾಗ ಕೆಲಸ ಶುರು ಮಾಡುತ್ತದೆ.

ಅವನು ಆತುರಪಡಲಿಲ್ಲ. ಭಾಮೈದ ಸರಿಯಿಲ್ಲವೆಂದು ಎತ್ತಿಟ್ಟಿದ್ದ ಒಂದು ಅಲಗನ್ನು ತಂದು, ಹಾಗೆ ಮಾಡಿದ ಒರೆಗೆ ಹಾಕಿ, ಬಚ್ಚಲಿನ ಅಟ್ಟದ ಮೇಲೆ ಇಟ್ಟ. ಎರಡನೇ ವಾರ ಏನೂ ಇರಲಿಲ್ಲ. ನಾಲ್ಕನೇ ವಾರ ಸಾಸಿವೆ ಚೆಲ್ಲಿದಂಥ ಚುಕ್ಕೆಗಳು. ಎಂಟನೇ ವಾರ ಅಲಗಿನ ಬುಡದಲ್ಲಿ ಉಗುರು ಕೂರುವಷ್ಟು ಗುಳಿ. ಅಲಗನ್ನು ಗುಜರಿಯವನ ಮೂಟೆಗೆ ಹಾಕಿದ, ಒರೆಯನ್ನು ನೀರೊಲೆಗೆ. ಚರ್ಮದ ಮೇಲೆ ಅನುಮಾನ ಬಂದರೆ ಎಂದು, ಅದೇ ತೊಗಲಿನಿಂದ ಒಳಪದರವಿಲ್ಲದ ನಲವತ್ತೊಂದನೆಯ ಒರೆಯೊಂದನ್ನು ಹೊಲಿದು, ಅದರಲ್ಲಿ ಒಂದು ಚಾಕು ಇಟ್ಟು ಕಪಾಟಿನಲ್ಲಿ ಭದ್ರ ಮಾಡಿದ. ಕೇಳಿದವರಿಗೆ ತೆರೆದು ತೋರಿಸಬಹುದು: ನೋಡಿ, ಅದೇ ತೊಗಲು, ಅದೇ ಕೈ, ಚಾಕು ಹೊಳೆಯುತ್ತಿದೆ.

ಯಾರ ಜೀವಕ್ಕೂ ಅಪಾಯವಿಲ್ಲ, ಬರೀ ತುಕ್ಕು ಎಂದು ತನಗೆ ತಾನೇ ಹೇಳಿಕೊಂಡ. ಒಂದೇ ಸಲ ಹೇಳಿಕೊಂಡ. ಎರಡನೇ ಸಲ ಹೇಳಿಕೊಳ್ಳಲು ಹೋಗಲಿಲ್ಲ.

ವಿಚಿತ್ರವೆಂದರೆ, ಅಷ್ಟು ಚೆಂದದ ಒರೆಗಳನ್ನು ಅವನು ಹಿಂದೆಂದೂ ಹೊಲಿದಿರಲಿಲ್ಲ. ಹೊರಗಿನ ಒಪ್ಪದಲ್ಲಿ ತಪ್ಪು ಸಿಕ್ಕಿದರೆ ಒಳಗೆ ಇಣುಕುತ್ತಾರೆ ಎಂಬ ಎಚ್ಚರಿಕೆಯಿಂದ ಶುರುವಾದದ್ದು, ಐದಾರು ಒರೆ ಮುಗಿಯುವಷ್ಟರಲ್ಲಿ ಬೇರೇನೋ ಆಯಿತು. ಎರಡು ಸೂಜಿ, ಒಂದೇ ದಾರ, ಬೆರಳಗಲಕ್ಕೆ ಆರು ಹೊಲಿಗೆ. ಅಂಚುಗಳನ್ನು ಮೂಳೆಯ ತುಂಡಿನಿಂದ ಗಾಜಿನಂತಾಗುವವರೆಗೆ ಉಜ್ಜಿದ. ಅಪ್ಪ ಇದ್ದಿದ್ದರೆ ಏನೂ ಹೇಳದೆ ಒಮ್ಮೆ ತಿರುಗಿಸಿ ನೋಡಿ ಕೆಳಗಿಡುತ್ತಿದ್ದ. ಅಪ್ಪನ ಮೆಚ್ಚುಗೆ ಇದ್ದದ್ದೇ ಹಾಗೆ.

ಒಂದು ಮಧ್ಯಾಹ್ನ ಹೆಂಡತಿ ಚಹಾ ತಂದವಳು ಲೋಟ ಇಟ್ಟು ಹೋಗದೆ ನಿಂತಳು. ಒರೆಯೊಂದನ್ನು ಎತ್ತಿಕೊಂಡು ಹೊಲಿಗೆಯ ಮೇಲೆ ಹೆಬ್ಬೆರಳು ಸವರಿದಳು.

"ರೀ, ಇದು ಎಷ್ಟು ಚೆನ್ನಾಗಿ ಬಂದಿದೆ," ಎಂದಳು.

ಅವನ ಸೂಜಿ ನಿಂತಿತು. ಅವಳು ಅಷ್ಟಕ್ಕೇ ಒಳಗೆ ಹೋಗಿದ್ದರೆ, ಆ ನಲವತ್ತನ್ನೂ ಬಿಚ್ಚಿ ಒಳಪದರ ಕಿತ್ತೆಸೆಯುತ್ತಿದ್ದನೇನೋ. ಆ ಬಗ್ಗೆ ಅವನು ಆಮೇಲೆ ತುಂಬ ಯೋಚಿಸಿದ್ದಾನೆ.

"ನನ್ನ ತಮ್ಮನ ಚಾಕುಗೆ ತಕ್ಕ ಹಾಗಿದೆ," ಎಂದಳು ಅವಳು.

ಸೂಜಿ ಮತ್ತೆ ನಡೆಯಿತು.

ಮೇಜರ್ ಸರಕು ನೋಡಲು ಬಂದ ದಿನ ಒಂದು ಒರೆಯನ್ನು ಮೂಗಿನ ಹತ್ತಿರ ಹಿಡಿದರು. ಜೇನುಮೇಣದ ವಾಸನೆ ಬಂತು, ಬೇರೇನಿಲ್ಲ. ಅವನು ಆಗಲೇ ಎಲ್ಲರ ಎದುರು ಭಾಮೈದನಿಗೆ ಹೇಳಿದ, ಹುಡುಗರಿಗೆ ತಿಂಗಳಿಗೊಮ್ಮೆ ಎಣ್ಣೆ ಸವರಲು ಹೇಳು, ನಿನ್ನ ಉಕ್ಕು ಸೂಕ್ಷ್ಮ. ಮೇಜರ್ ತಲೆದೂಗಿದರು. ಹಿರಿಯನ ಕಾಳಜಿಯಂತೆ ಕಂಡಿರಬೇಕು. ಪೆಟ್ಟಿಗೆಗಳು ಜೀಪು ಹತ್ತಿದವು.

ಮೂರು ತಿಂಗಳು ಸುದ್ದಿಯಿಲ್ಲ. ನಾಲ್ಕನೇ ತಿಂಗಳು ಫೋನು ಬಂತು. ಭಾಮೈದ ನಿಂತು ಕೇಳಿಸಿಕೊಂಡ. ಫೋನಿಟ್ಟ ಮೇಲೆ ಬೆಂಚಿನ ಮೇಲೆ ಕೂತು ಅಂಗೈ ನೋಡಿಕೊಂಡ. ಚಾಕುಗಳಿಗೆ ತುಕ್ಕು ಹಿಡಿದಿದೆಯಂತೆ. ಬೆಟ್ಟದ ದಾರಿಯಲ್ಲಿ ಗಾಡಿಯೊಂದು ಮಗುಚಿದಾಗ, ಸೀಟಿನ ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದವನನ್ನು ಬಿಡಿಸಲು ಅವನ ಜೊತೆಗಾರ ಚಾಕು ಎಳೆದರೆ ಅದು ಒರೆಯಲ್ಲಿ ಕಚ್ಚಿಕೊಂಡು ಬರಲಿಲ್ಲವಂತೆ. ಬಲವಾಗಿ ಎಳೆದಾಗ ತುಕ್ಕು ತಿಂದ ಬುಡದಲ್ಲೇ ಮುರಿಯಿತಂತೆ. ಬಿಡಿಸುವುದು ತಡವಾಗಿ ಸಿಕ್ಕಿಕೊಂಡಿದ್ದವನ ಕಾಲು ಹೋಯಿತು.

"ತಪ್ಪು ನಂದೇ ಭಾವ," ಎಂದ ಭಾಮೈದ. "ಆ ಉಕ್ಕು ಬೇಡ ಅಂತ ಎಷ್ಟು ಜನ ಹೇಳಿದ್ರು. ಕೇಳ್ಲಿಲ್ಲ ನಾನು."

ಅವನು ಭಾಮೈದನ ಹೆಗಲ ಮೇಲೆ ಕೈ ಇಟ್ಟ. ಎಂಟು ವರ್ಷದಲ್ಲಿ ಮೊದಲ ಸಲ.

"ಉಕ್ಕು ಅಂದ್ಮೇಲೆ ತುಕ್ಕು ಇದ್ದದ್ದೇ ಬಿಡೋ," ಎಂದ.

ಮುಂದಿನ ವಾರಗಳು ಅವನು ಬಯಸಿದಂತೆಯೇ ಸಾಗಿದವು. ಕುಲುಮೆ ತಣ್ಣಗಾಯಿತು. ಭಾಮೈದ ಬಕೆಟ್ಟಿನಲ್ಲಿ ಉಕ್ಕಿನ ತುಂಡುಗಳನ್ನು ಮುಳುಗಿಸಿಟ್ಟು ದಿನವಿಡೀ ಅವನ್ನೇ ನೋಡುತ್ತಾ ಕೂರುತ್ತಿದ್ದ; ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಹೆಂಡತಿ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಆ ಫ್ರೇಮು ಇಳಿಸಿದಳು. ಗೋಡೆಯಲ್ಲಿ ಮೊಳೆ ಉಳಿಯಿತು. ಅವನು ಆ ಮೊಳೆಯನ್ನು ನೋಡುತ್ತಾ ಉಂಡ, ಹೊಟ್ಟೆ ತುಂಬ ಉಂಡ. ಮಹಡಿಯ ಮಾತು ಯಾರೂ ಎತ್ತಲಿಲ್ಲ. ಮೇಜರ್ ಖುದ್ದಾಗಿ ವಿಚಾರಣೆಗೆ ಬರುತ್ತಾರೆ ಎಂದು ತಿಳಿದಾಗ, ಎಲ್ಲ ತಪ್ಪೂ ತನ್ನದೆಂದು ಬರೆದುಕೊಡಲು ಭಾಮೈದ ಕಾಗದ ಸಿದ್ಧ ಮಾಡಿಟ್ಟುಕೊಂಡ. ಅಕ್ಷರ ಸರಿಯಿದೆಯೇ ನೋಡಿ ಎಂದು ಭಾವನಿಗೇ ಕೊಟ್ಟ. ಅವನು ಎರಡು ಕಡೆ ತಿದ್ದಿಕೊಟ್ಟ.

ಮೇಜರ್ ಬಂದದ್ದು ಬೆಳಿಗ್ಗೆ ಹತ್ತಕ್ಕೆ, ಇಬ್ಬರು ಪೊಲೀಸರೊಂದಿಗೆ. ಪೊಲೀಸರು ಬಾಗಿಲಲ್ಲೇ ನಿಂತರು. ಭಾಮೈದ ಕಾಗದ ಮುಂದೆ ಚಾಚಿದ. ಮೇಜರ್ ಅದನ್ನು ತೆಗೆದುಕೊಳ್ಳಲಿಲ್ಲ. ಚರ್ಮದ ವಿಷಯ ಎತ್ತುತ್ತಾರೇನೋ ಎಂದು ಅವನು ಕಪಾಟಿನ ಬೀಗದ ಕೈಯನ್ನು ಜೇಬಿನಲ್ಲಿ ಬೆರಳಿಗೆ ಸಿಕ್ಕಿಸಿಕೊಂಡಿದ್ದ. ಅದನ್ನೂ ಅವರು ಕೇಳಲಿಲ್ಲ.

ಪೆಟ್ಟಿಗೆ ತೆರೆದು, ಕಿಟಕಿಯ ಪಕ್ಕದ ಅವನ ಮೇಜಿನ ಮೇಲೆ ಚಾಕುಗಳನ್ನು ಒಂದೊಂದಾಗಿ ಇಟ್ಟರು. ಮುರಿದದ್ದೂ ಸೇರಿ ಒಂಬತ್ತು, ಎಲ್ಲವೂ ಅವನ ಒರೆಗಳ ಜೊತೆಗೆ, ಎಲ್ಲವೂ ಬುಡದವರೆಗೆ ಕೆಂಪಗೆ ತುಕ್ಕು ತಿಂದವು. ಉಳಿದ ಮೂವತ್ತೊಂದೂ ಹಾಗೆಯೇ ಇರುತ್ತವೆ ಎಂದು ಅವನು ಕಾದ. ಅವು ಬೇರೆ ಸಾಲಿನಲ್ಲಿ ಬಂದವು. ಒಂದೊಂದನ್ನೂ ಮೇಜರ್ ಒಂದು ಕಪ್ಪು ಪ್ಲಾಸ್ಟಿಕ್ ಒರೆಯಿಂದ ಎಳೆದಿಟ್ಟರು. ಒಂದೊಂದೂ ಕಿಟಕಿಯ ಬೆಳಕನ್ನು ಸೀಳುವಂತೆ ಹೊಳೆಯಿತು, ಸಾಸಿವೆಯಷ್ಟೂ ಚುಕ್ಕೆಯಿಲ್ಲದೆ. ಒಂದೇ ಉಕ್ಕು, ಒಂದೇ ಬೆಟ್ಟ, ಒಂದೇ ಮಂಜು ಎಂದರು ಅವರು, ಭಾಮೈದನ ಕಡೆ ನೋಡದೆ. ಚರ್ಮ ನೆನೆದರೆ ಭಾರ, ಹೆಪ್ಪುಗಟ್ಟಿದರೆ ಮರದ ಹಾಗೆ. ಆದ್ದರಿಂದ ಯಾರ ಚಾಕು ಕೊಂಡರೂ ಅದರ ಜೊತೆ ಬಂದ ಚರ್ಮದ ಒರೆಯನ್ನು ಮೊದಲ ವಾರವೇ ಎಸೆದು, ಪ್ಲಾಸ್ಟಿಕ್ ಹಾಳೆ ಕಾಯಿಸಿ ತಮ್ಮ ಒರೆ ತಾವೇ ಮಾಡಿಕೊಳ್ಳುವುದು ನಮ್ಮ ಹುಡುಗರ ರೂಢಿಯಂತೆ, ನನಗೂ ಈಗಲೇ ಗೊತ್ತಾದದ್ದು ಎಂದರು. ಆಮೇಲೆ ಒಂಬತ್ತರಲ್ಲಿ ಒಂದು ಒರೆಯನ್ನು ಎತ್ತಿಕೊಂಡು, ಹೊಲಿಗೆಯ ಮೇಲೆ ಬೆರಳಿಟ್ಟು, ಮೊದಲ ಬಾರಿಗೆ ಅವನನ್ನೇ ನೇರವಾಗಿ ನೋಡಿ ಹೇಳಿದರು: "ಈ ಒಂಬತ್ತು ಜನ ಮಾತ್ರ ಎಸೀಲಿಲ್ಲ. ಇಷ್ಟು ಚೆನ್ನಾಗಿ ಹೊಲಿದಿದ್ದಾರೆ, ಎಸೆಯೋಕೆ ಮನಸ್ಸು ಬರಲಿಲ್ಲ ಅಂದ್ರು."