ಹಳದಿ ಗಿಲಕಿ ಕೆಂಪಾದಾಗ

"ರೀ, ಇದನ್ನ ಹಳದಿ ಅಂತೀರಾ?"

ಕೆಂಪು ಗಿಲಕಿ ತುಂಬಿದ ಬುಟ್ಟಿಯನ್ನು ಅನಂತರಾಜುವಿನ ಕೀಬೋರ್ಡ್ ಪಕ್ಕ ಕುಕ್ಕಿದೆ. ಮಾಗಡಿಯಿಂದ ಎರಡು ಬಸ್ ಬದಲಿಸಿ ಆಗಷ್ಟೇ ಬಂದಿದ್ದ ಮನುಷ್ಯ. ಕಾಫಿ ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ.

ಚನ್ನಪಟ್ಟಣದ ಬೊಂಬೆ ಫ್ಯಾಕ್ಟರಿಯೊಂದರಲ್ಲಿ ಬಣ್ಣದ ವಿಭಾಗಕ್ಕೆ ನಾನು, ಲತಾಮಣಿ, ಸೂಪರ್‌ವೈಸರ್. 2007ರಲ್ಲಿ ಎಕ್ಸ್‌ಪೋರ್ಟ್ ಆರ್ಡರ್ ಜಾಸ್ತಿಯಾಗಿ, ಓನರ್ ಬೋರಲಿಂಗಯ್ಯನವರು ಗೋಡೆಗೊಂದು ದೊಡ್ಡ ಸ್ಕ್ರೀನ್ ಹಾಕಿಸಿ, ಅನಂತರಾಜುವನ್ನು ಕರೆಸಿ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್ ಕೂರಿಸಿದ್ದರು. ಯಾವ ಬಣ್ಣಕ್ಕೆ ಎಷ್ಟು ಆರ್ಡರ್ ಎಂದು ಅದರಲ್ಲಿ ಕಂಬಗಳು ಏಳುತ್ತವೆ. ಎತ್ತರದ ಕಂಬದ ಕೆಲಸ ಮೊದಲು. ಆವತ್ತು ಎತ್ತರವಿದ್ದದ್ದು ಹಳದಿ ಆರ್ಡರು. ಸಾಫ್ಟ್‌ವೇರ್ ಅದಕ್ಕೆ ತನಗಿಷ್ಟ ಬಂದ ಕೆಂಪು ಬಳಿದಿತ್ತು, ಕೆಳಗಿನ ಅಕ್ಷರವೋ ಸಾಸಿವೆ ಕಾಳಿನಷ್ಟು. ಲೇತ್ ಮುಂದೆ ಕೂತಿದ್ದ ತಾಜ್ ಪಾಷಾ ಸಾಹೇಬರು ಕಂಬ ನೋಡಿದರು, ಬೊಂಬೆಗೆ ಬಣ್ಣ ಹಚ್ಚುವ ಕೆಂಪು ಅರಗಿನ ಕಡ್ಡಿ ಎತ್ತಿಕೊಂಡರು. ಇಡೀ ಲಾಟ್ ಕೆಂಪಾಯಿತು.

"ಬಣ್ಣ ಚೇಂಜ್ ಮಾಡಿದ್ದೆ ಕಣ್ರೀ. ರಿಫ್ರೆಶ್ ಆದ ತಕ್ಷಣ ಮತ್ತೆ ಹಳೇದಕ್ಕೇ ಹೋಯ್ತದೆ," ಅಂದ ಅನಂತರಾಜು.

ಬೋರಲಿಂಗಯ್ಯನವರಿಗೆ ಆ ಕತೆ ಬೇಕಿರಲಿಲ್ಲ. "ಶನಿವಾರದೊಳಗೆ ಸರಿ ಹೋಗ್ದಿದ್ರೆ ಸ್ಕ್ರೀನೂ ಕೀಳುಸ್ತೀನಿ, ನಿನ್ನೂ ಕಳುಸ್ಬುಡ್ತೀನಿ ಕಣಪ್ಪ."

ಹೋದರೆ ಹೋಗಲಿ ಅಂದುಕೊಂಡೆ. ನನ್ನ ಆ ಜಂಬ ಮಧ್ಯಾಹ್ನದ ತನಕ ಇತ್ತು.

ಊಟದ ಹೊತ್ತಿಗೆ ಹೋಗಿ ನೋಡಿದರೆ ಅನಂತರಾಜು ಮಾದರಿಗೆಂದು ಇಟ್ಟಿದ್ದ ಒಂದು ಹಳದಿ ಗಿಲಕಿಯನ್ನು ಸ್ಕ್ರೀನಿಗೆ ಹಿಡಿದು ತಾಳೆ ನೋಡುತ್ತ, ಮೌಸ್ ಜೊತೆ ಜಗಳಕ್ಕಿಳಿದಿದ್ದ. ಒಂದು ಕಂಬ ತಿದ್ದಿದರೆ ಎಲ್ಲ ಕಂಬವೂ ಅದೇ ಬಣ್ಣ. ಅಕ್ಷರ ದೊಡ್ಡದು ಮಾಡಿದರೆ ಕಂಬವೇ ಮಾಯ. ಬೇಕಾದ ಬಟನ್ ಹುಡುಕಿ ಹಿಡಿದರೆ ಅದು ಮಂಕಾಗಿ, ಎಷ್ಟು ಒತ್ತಿದರೂ ಮಿಸುಕದು. "ಥೂ ನಿನ್ನ!" ಎಂದು ಬೈದವನು ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡ.

ನಗು ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ನನ್ನ ಡಬ್ಬಿಯ ರೊಟ್ಟಿ ಮುರಿದು ಅವನ ಕಡೆ ತಳ್ಳಿದೆ.

"ಇದು ನಿಂಬೆಹಣ್ಣಿನ ಹಳದಿ. ನಮ್ದು ಅರಿಶಿನದ್ದು. ಒಸಿ ಕೆಂಪು ಸೇರ್ಸಿ."

"ಇಷ್ಟು ಸಾಕಾ?"

"ಇನ್ನೊಸಿ."

"ಈಗ?"

ತಿರುಗಿದರೆ ಅವನು ಸ್ಕ್ರೀನ್ ನೋಡುತ್ತಲೇ ಇರಲಿಲ್ಲ. ನನ್ನ ಮುಖ ನೋಡುತ್ತಿದ್ದ.

"ಬಣ್ಣ ಅಲ್ಲೈತೆ," ಅಂದೆ. ನನ್ನ ಕಿವಿ ಬಿಸಿಯಾಯಿತು.

ಶುಕ್ರವಾರದ ಹೊತ್ತಿಗೆ ಅಕ್ಷರ ದೊಡ್ಡದಾಗಿತ್ತು, ಅರಿಶಿನವೂ ಕೂತಿತ್ತು. ಆದರೆ ರಿಫ್ರೆಶ್ ಒತ್ತಿದರೆ ಮತ್ತದೇ ಕೆಂಪು.

"ಯಾವ ಕಂಬ ಎತ್ತರ ಬಂದ್ರೂ ಇದು ಮೊದಲನೇದಕ್ಕೆ ಕೆಂಪೇ ಬಳೀತದೆ," ಅಂದ. "ನಾಳೆ ನನ್ ಕೊನೇ ದಿನ ಅನ್ಸತ್ತೆ."

ಇವನು ಮಾಗಡಿ ಬಸ್ ಹತ್ತಿ ಹೋದರೆ ಮತ್ತೆ ಬರುವುದೇ ಇಲ್ಲ ಅನ್ನುವುದು ನನಗೆ ಆಗಲೇ ಹೊಳೆದದ್ದು. ಆ ಸಾಫ್ಟ್‌ವೇರ್ ಮೇಲೆ ನನಗೆ ಎಲ್ಲಿಲ್ಲದ ಕೋಪ ಬಂತು. ಎಲ್ಲ ಬಣ್ಣದ ಲೆಕ್ಕವೂ ಅದರಲ್ಲಿ ಒಂದೇ ಉದ್ದನೆಯ ಪಟ್ಟಿಯಾಗಿ ಕೂತಿತ್ತು.

"ಎಲ್ಲಾ ಬಣ್ಣಾನೂ ಒಂದೇ ಡಬ್ಬಿಗೆ ಯಾಕ್ರೀ ತುಂಬ್ತೀರಿ? ನಮ್ ಅರಗಿನ ಕಡ್ಡಿ ನೋಡಿ, ಒಂದೊಂದು ಬಣ್ಣಕ್ಕೂ ಒಂದೊಂದು ಡಬ್ಬಿ ಇಲ್ವಾ?"

ಅವನು ತಟ್ಟನೆ ಕೀಬೋರ್ಡಿನ ಮೇಲೆ ಬಗ್ಗಿದ. "ಎಲ್ಲಾ ಬಣ್ಣದ ಲೆಕ್ಕಾನೂ ಒಂದೇ ಕಾಲಮ್ಮಿಗೆ ತುಂಬಿದ್ದೀನಿ. ಬೇರೆ ಬೇರೆ ಕಾಲಮ್ ಕೊಟ್ರೆ, ಬಣ್ಣ ಎತ್ತರಕ್ಕಲ್ಲ, ಹೆಸರಿಗೆ ಅಂಟ್ಕೋತದೆ ಲತಾ!"

'ರೀ' ಬಿಟ್ಟು ಬರೀ ಲತಾ ಎಂದದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಶನಿವಾರ ಬೋರಲಿಂಗಯ್ಯನವರು ಕೈ ಕಟ್ಟಿ ನಿಂತರು. ಹಸಿರಿಗೆ ಹೊಸ ಆರ್ಡರ್ ಸೇರಿಸಿ ಅನಂತರಾಜು ರಿಫ್ರೆಶ್ ಒತ್ತಿದ. ಹಸಿರು ಕಂಬ ಎಲ್ಲಕ್ಕಿಂತ ಮೇಲೆದ್ದಿತು, ಹಸಿರಾಗಿಯೇ. ಪಕ್ಕದಲ್ಲಿ ಹಳದಿ, ಅಚ್ಚ ಅರಿಶಿನದ ಹಳದಿ.

"ವಾಹ್! ಇನ್ಮೇಲೆ ಕನ್ನಡಕಾನೂ ಬ್ಯಾಡ ನಂಗೆ," ಎಂದು ತಾಜ್ ಪಾಷಾ ಸಾಹೇಬರು ಚಪ್ಪಾಳೆ ಹೊಡೆದರು. ಇಡೀ ರೂಮು ಹೊಡೆಯಿತು.

"ಸ್ಕ್ರೀನ್ ಇರ್ಲಿ ಬುಡಪ್ಪ," ಅಂದರು ಓನರ್. "ನೀನೂ ಇರು."

ಎಲ್ಲರೂ ಚದುರಿದ ಮೇಲೆ ಅನಂತರಾಜು ಆ ಮಾದರಿಯ ಹಳದಿ ಗಿಲಕಿ ಎತ್ತಿಕೊಂಡ. "ಇದನ್ನ ನಾನು ಇಟ್ಕೊಳ್ಲಾ?"

"ಮದ್ವೆ ಆಗ್ದಿರೋ ಗಂಡಸ್ಗೆ ಗಿಲಕಿ ಯಾಕ್ರೀ?"

ಮುಖ ಕೆಂಪಾಯಿತು, ಆದರೂ ಹಿಂದೆ ಸರಿಯಲಿಲ್ಲ. "ಮದ್ವೆಗೂ ನಿಮ್ಮನ್ನೇ ಕೇಳೋಣ ಅಂತ."

ಕುಣಿದುಬಿಡಬೇಕು ಅನ್ನಿಸಿತು. "ನನ್ನ ಕೇಳೋದೇನೂ ಉಳ್ದಿಲ್ಲ. ನಾಳೆ ದೊಡ್ಡಮಳೂರಿಗೆ ಬಂದು ನಮ್ಮಪ್ಪನ್ನ ಕೇಳಿ."

ಬಂದ, ಅಪ್ಪ ಅಮ್ಮನನ್ನೂ ಕರೆದುಕೊಂಡು. ನಮಸ್ಕಾರಕ್ಕೆ ಬಗ್ಗಿದರೆ ಜೇಬಿನಲ್ಲಿ ಗಲಗಲ ಸದ್ದು.

"ಏನಪ್ಪ ಅದು?" ಅಂದರು ನಮ್ಮಪ್ಪ ಕರಿಯಪ್ಪ.

"ಗಿಲಕಿ ಸಾರ್," ಅಂದ, ತಲೆ ತಗ್ಗಿಸಿ.

ಅಪ್ಪ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿ ಗಹಗಹಿಸಿ ನಕ್ಕರು. "ಇನ್ನೇನು ಮಾತುಕತೆ ಬೀಗ್ರೆ! ನಡೀರಿ, ಮೊದ್ಲು ಮಕ್ಕಳ ಭಾಗ್ಯ ಕೊಡೋ ನಮ್ಮ ಅಂಬೆಗಾಲು ಕೃಷ್ಣನ ಗುಡಿಗೆ ಹೋಗ್ಬರಾನ."