ಆಮೆಯಾದ ಕಾರು

"ಅಪ್ಪಾ, ಬೇಗ ಹೋಗಪ್ಪಾ! ಅನ್ನ ಆರಿಹೋಗುತ್ತೆ!"

ಹಿಂದಿನ ಸೀಟಿನಲ್ಲಿ ಕುಳಿತ ಮಿಚಿರು ಮರದ ಹಬೆಪೆಟ್ಟಿಗೆಗಳನ್ನು ಕಂಬಳಿಯಲ್ಲಿ ಸುತ್ತಿ, ಎಳೆಗೂಸನ್ನು ತಬ್ಬುವಂತೆ ತಬ್ಬಿಕೊಂಡಿದ್ದಳು. ಒಳಗಿದ್ದುದು ಆಗತಾನೆ ಬೆಂದ ಅಂಟಕ್ಕಿಯ ಅನ್ನ. ಅದರ ಬಿಸಿ ಕಂಬಳಿಯನ್ನೂ ಕೋಟನ್ನೂ ದಾಟಿ ಅವಳ ಹೊಟ್ಟೆಯನ್ನು ಮುಟ್ಟುತ್ತಿತ್ತು.

ವರ್ಷದ ಕೊನೆಯ ಭಾನುವಾರ ಕೇರಿಯವರೆಲ್ಲ ಸಮುದಾಯ ಭವನದಲ್ಲಿ ಕೂಡಿ, ಒರಳಿನಲ್ಲಿ ಅನ್ನವನ್ನು ಕುಟ್ಟಿ, ಹೊಸ ವರ್ಷದ ಅಕ್ಕಿಮುದ್ದೆ ಮಾಡುವುದು ಜಪಾನಿನ ಉತ್ತರದ ಹಿಮದೂರು ಅಸಾಹಿಕಾವಾ ನಗರದ ಈ ಭಾಗದ ಪದ್ಧತಿ. ಮೊದಲ ಮುದ್ದೆ ದೇವರಿಗೆ. ಅನ್ನ ಬೇಯಿಸುವ ಸರದಿ ವರ್ಷಕ್ಕೊಂದು ಮನೆಯದು. ಈ ಸಲ ಆ ಗೌರವ, ದಕ್ಷಿಣದ ಬೆಚ್ಚನೆಯ ಕಾಗೊಶಿಮಾದಿಂದ ವಸಂತದಲ್ಲಷ್ಟೇ ಬಂದಿದ್ದ ಮಿಚಿರುವಿನ ಮನೆಗೆ ದೊರೆತಿತ್ತು. ಅನ್ನ ಬಿಸಿಯಾಗಿದ್ದರೆ ಮಾತ್ರ ಮುದ್ದೆಯಾಗುತ್ತದೆ. ಆರಿದರೆ ಎಷ್ಟು ಕುಟ್ಟಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಅಮ್ಮ ಆಗಲೇ ಭವನಕ್ಕೆ ಹೋಗಿ ಒರಳು ಬೆಚ್ಚಗಾಗಲೆಂದು ಬಿಸಿನೀರು ತುಂಬಿಸಿ ಕಾಯುತ್ತಿದ್ದಳು.

"ಯಾಕೆ ಹೆದರ್ತೀಯ?" ಎಂದ ಅಪ್ಪ, ಸ್ಟೇರಿಂಗನ್ನು ತಟ್ಟುತ್ತ. "ದೊಡ್ಡ ಗಾಡಿ. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ. ಟೈರೋ, ಹೊಚ್ಚ ಹೊಸ ಚಳಿಗಾಲದ ಟೈರು. ಹಿಮ ನಮ್ಮನ್ನ ಏನು ಮಾಡುತ್ತೆ ಹೇಳು?"

ಓಣಿಯ ತುದಿಯಲ್ಲಿ ಮೊಣಕಾಲೆತ್ತರದ ಹಿಮದ ದಿಬ್ಬವೊಂದು ಅಡ್ಡ ಮಲಗಿತ್ತು. ಹಿಮ ಸರಿಸುವ ಯಂತ್ರ ದೊಡ್ಡ ರಸ್ತೆಯನ್ನು ಬಳಿದುಕೊಂಡು ಹೋಗುವಾಗ ಬದಿಗೆ ತಳ್ಳಿದ ರಾಶಿ ಅದು. ಅದನ್ನು ತೋಡಿದ ನಂತರವೇ ಇಲ್ಲಿನವರು ಕಾರು ದಾಟಿಸುತ್ತಾರೆ. ಅಪ್ಪ ತೋಡಲಿಲ್ಲ, ನೇರವಾಗಿ ನುಗ್ಗಿಸಿದ.

ಕಾರು ದಿಬ್ಬವನ್ನೇರಿತು. ಏರಿ, ಅಲ್ಲಿಯೇ ಕುಳಿತುಬಿಟ್ಟಿತು.

ವೂಂ... ವೂಂ... ಚಕ್ರಗಳು ತಿರುಗಿದವು. ಕಾರು ಅಲುಗಲಿಲ್ಲ.

"ಮಿಚಿರು, ಡಿಕ್ಕಿಯಲ್ಲಿ ಸಲಿಕೆ ಇದೆ ಅಲ್ವಾ?"

"ಇಲ್ಲಪ್ಪಾ... ಪೆಟ್ಟಿಗೆಗೆ ಜಾಗ ಮಾಡೋಕೆ ನಾನೇ ತೆಗೆದು ಮನೇಲಿಟ್ಟೆ."

ಮಿಚಿರು ಕಿಟಕಿಯಿಂದ ಹೊರಗೆ ನೋಡಿದಳು. ಅಯ್ಯೋ! ಎದುರಿಗಿದ್ದುದು ಅವಳ ಕ್ಲಾಸಿನ ಕಾಹೊಳ ಮನೆ. ಕಳೆದ ವಾರ ಕಾಹೊಳ ಮನೆಯವರು ತಮ್ಮ ಪುಟ್ಟ ಕಾರನ್ನು ತಳ್ಳುತ್ತಿದ್ದುದನ್ನು ಕಂಡು, ಇಡೀ ಕ್ಲಾಸಿನ ಮುಂದೆ ಮಿಚಿರು ಹೇಳಿದ್ದಳು: "ನಿಮ್ಮದು ಗೊಂಬೆ ಕಾರು ಕಣೇ! ನಮ್ಮದನ್ನ ಯಾರೂ ತಳ್ಳಬೇಕಾಗಿಲ್ಲ."

ಅವಳು ಕಂಬಳಿಯ ಹಿಂದೆ ತಲೆ ತಗ್ಗಿಸಿ ಅಡಗಿದಳು. ಅಪ್ಪ ಮತ್ತೆ ಆಕ್ಸಿಲರೇಟರ್ ಒತ್ತಿದ. ವೂಂ...

ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಯಾರೂ ಕೂಗಿ ಕರೆದಿರಲಿಲ್ಲ. ಆದರೂ ಆ ಮನೆಯಿಂದೊಬ್ಬರು, ಈ ಮನೆಯಿಂದಿಬ್ಬರು ಸಲಿಕೆ ಹಿಡಿದು ಬಂದರು.

"ಒತ್ತಬೇಡಪ್ಪಾ, ಒತ್ತಬೇಡ!" ಎಂದು ಕೂಗಿದವರು ಪಕ್ಕದ ಮನೆಯ ಒನೊದೆರಾ ಅಜ್ಜಿ. "ಆಮೆಯಾಗಿದೆ ನಿನ್ನ ಕಾರು. ಹೊಟ್ಟೆ ಹಿಮದ ಮೇಲೆ ಕೂತಿದೆ, ಕಾಲು ಗಾಳೀಲಿ ಆಡ್ತಿದೆ. ಹೊಸ ಚಪ್ಪಲಿ ಹಾಕಿಸಿದ್ರೆ ಆಮೆ ನಡೆಯುತ್ತಾ?"

ಅಪ್ಪ ಕೆಳಗಿಳಿದು ಸೊಂಟ ಬಗ್ಗಿಸಿ ವಂದಿಸಿದ. "ಕ್ಷಮಿಸಿ, ಎಲ್ಲರಿಗೂ ತೊಂದರೆ ಕೊಟ್ಟೆ. ಒಳಗೆ ಅನ್ನ ಇದೆ..."

"ಹಾಗಾದ್ರೆ ಇಂಜಿನ್ ನಿಲ್ಲಿಸಬೇಡ. ಹೀಟರ್ ಓಡ್ತಿರಲಿ," ಎಂದ ಅಜ್ಜಿ, ಎಲ್ಲಕ್ಕಿಂತ ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮವನ್ನು ತೋಡಿದರು. "ಇದು ಮುಚ್ಚಿಕೊಂಡ್ರೆ ಹೊಗೆ ಒಳಗೆ ನುಗ್ಗುತ್ತೆ. ಮಗು ಇದೆಯಲ್ಲ."

ಟಕ್ ಟಕ್. ಕಿಟಕಿಯಾಚೆ ಕಾಹೊಳ ಕೆಂಪು ಮೂಗು.

"ಏನೇ, ಆಮೆಮರಿ! ಒಳಗೆ ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?"

ಮಿಚಿರುವಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. "ಅನ್ನ ಕಣೇ. ಆರಿದ್ರೆ ಎಲ್ಲಾ ಹಾಳು. ನಮ್ಮ ಮೊದಲನೇ ಸರದಿ..."

"ತಳ್ಳೋಕೆ ನಮ್ಮ ಗೊಂಬೆ ಕಾರು ತರ್ಲಾ?" ಎಂದು ಕಾಹೊ ನಾಲಗೆ ಚಾಚಿದಳು. ಆದರೆ ಅವಳ ಕೈಯಲ್ಲಿಯೂ ಸಲಿಕೆಯಿತ್ತು.

"ಹೊಟ್ಟೆ ಕೆಳಗೆಲ್ಲ ತೋಡಬೇಕು, ಹೊತ್ತಾಗುತ್ತೆ," ಎಂದರು ಕಾಹೊಳ ಅಪ್ಪ. "ಅನ್ನ ಹೊತ್ಕೊಂಡು ಹೋಗೋಣ್ವಾ?"

"ಈ ಚಳೀಲಿ ಭವನ ಮುಟ್ಟೋದ್ರೊಳಗೆ ಕಲ್ಲಾಗುತ್ತೆ," ಎಂದರು ಅಜ್ಜಿ.

ಮಿಚಿರು ಪೆಟ್ಟಿಗೆಗಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿದಳು. ಅನ್ನಕ್ಕೆ ಚಳಿ ತಾಗಬಾರದು. ಸರಿ. ಆದರೆ...

ಅವಳು ಕಿಟಕಿಯ ಗಾಜನ್ನು ಬೆರಳಗಲ ಇಳಿಸಿದಳು. "ಅಜ್ಜೀ! ಒರಳಿಗೆ ಚಳಿ ಆಗುತ್ತಾ?"

ಅಜ್ಜಿ ಸಲಿಕೆಯನ್ನೂರಿ ಅವಳನ್ನೇ ನೋಡಿದರು. ಬಳಿಕ ಬಾಯಿತುಂಬ ನಕ್ಕರು. "ಬಿಸಿನೀರು ತುಂಬಿಸಿ ತಂದ್ರೆ ಅದಕ್ಕೆಲ್ಲಿಯ ಚಳಿ! ಕಾಹೊ, ಓಡು! ಒರಳು ಇಲ್ಲಿಗೇ ಬರಲಿ ಅನ್ನು!"

ಸ್ವಲ್ಪ ಹೊತ್ತಿನಲ್ಲಿಯೇ ಹಿಮಬಂಡಿಯ ಮೇಲೆ ಒರಳು ಹಬೆಯಾಡುತ್ತ ಬಂತು. ನಾಲ್ವರು ಹಗ್ಗ ಹಿಡಿದು ಎಳೆಯುತ್ತಿದ್ದರು. ಹಿಂದಿನಿಂದ ಅಮ್ಮ ಕೆಟಲ್ ಹಿಡಿದು ಓಡೋಡಿ ಬಂದಳು. "ಅಯ್ಯಯ್ಯೋ, ಏನ್ರೀ ಇದು?" ಎಂದು ಕಾರನ್ನೂ ಅಪ್ಪನನ್ನೂ ನೋಡಿದಳು. ಅಪ್ಪ ಸಲಿಕೆಯ ಹಿಂದೆ ಅಡಗಲು ನೋಡಿದ.

ಕಾಹೊಳ ಮನೆಯ ಕಾರ್ ಶೆಡ್ಡಿನಲ್ಲಿ ಒರಳನ್ನಿರಿಸಿ, ಅದರಲ್ಲಿದ್ದ ಬಿಸಿನೀರನ್ನು ಚೆಲ್ಲಿದರು. ಮಿಚಿರು ಮೊದಲ ಪೆಟ್ಟಿಗೆಯನ್ನು ತಂದು ಬಗ್ಗಿಸಿದಳು. ಬಿಳಿಯ ಹಬೆ ಭುಗ್ಗೆಂದು ಮೇಲೆದ್ದಿತು. ಅನ್ನ ಇನ್ನೂ ಸುಡುತ್ತಿತ್ತು!

"ಯೊಯ್‌ಶೋ!" ಕಾಹೊಳ ಅಪ್ಪ ಕೊಡತಿಯನ್ನೆತ್ತಿ ಹೊಡೆದರು. ಮರುಗಳಿಗೆಯಲ್ಲಿ ಅಜ್ಜಿ ಒದ್ದೆ ಕೈಯಿಂದ ಅನ್ನವನ್ನು ಮಗುಚಿದರು. "ಯೊಯ್‌ಶೋ!" ಮತ್ತೊಂದು ಏಟು. ಎಲ್ಲರೂ ದನಿಗೂಡಿಸಿದರು. ಮಿಚಿರು ಮತ್ತು ಕಾಹೊ ಒಂದೇ ಕೊಡತಿಯನ್ನು ಇಬ್ಬರೂ ಹಿಡಿದು ಹೊಡೆದಾಗ, ಏಟು ಒರಳಿನ ಅಂಚಿಗೆ ಬಿದ್ದು ಠಣ್ಣೆಂದಿತು.

"ನನ್ನ ಕೈ ಇರೋದು ಕುಟ್ಟೋಕಲ್ಲ ಕಣ್ರೇ!" ಎಂದ ಅಜ್ಜಿಯ ಮಾತಿಗೆ ಓಣಿಯೇ ನಕ್ಕಿತು.

ಅನ್ನ ಕಾಳುತನವನ್ನು ಬಿಟ್ಟು, ನುಣ್ಣಗೆ, ಹೊಳೆಯುವ ಮುದ್ದೆಯಾಯಿತು. ಮೊದಲ ಮುದ್ದೆಯನ್ನು ಅಜ್ಜಿ ದುಂಡಗೆ ಮಾಡಿ ಬಿಳಿಯ ಹಾಳೆಯ ಮೇಲಿಟ್ಟಾಗ ಎಲ್ಲರೂ ಮಾತು ನಿಲ್ಲಿಸಿ ಕೈಮುಗಿದರು. ಹಿಮವೂ ಸದ್ದಿಲ್ಲದೆ ಬೀಳುತ್ತಿತ್ತು.

ಅಷ್ಟರಲ್ಲಿ ಕಾರಿನ ಹೊಟ್ಟೆಯ ಕೆಳಗಿನ ಹಿಮವನ್ನೆಲ್ಲ ತೋಡಿ ಆಗಿತ್ತು. ಅಪ್ಪ ಮೆಲ್ಲಗೆ, ಬಹಳ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದ. "ಯೊಯ್‌ಶೋ!" ಹತ್ತಾರು ಕೈಗಳು ತಳ್ಳಿದವು. ಹೊಸ ಟೈರುಗಳು ನೆಲವನ್ನು ಕಚ್ಚಿದವು. ಕಾರು ದಿಬ್ಬವನ್ನಿಳಿದು ರಸ್ತೆ ಸೇರಿತು.

ಸೋಯಾಹಿಟ್ಟಿನಲ್ಲಿ ಹೊರಳಿಸಿದ ಮುದ್ದೆಯನ್ನು ಗೆಳತಿಯರಿಬ್ಬರೂ ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತು ತಿಂದರು.

"ಕಾಹೊ, ಅವತ್ತು ಗೊಂಬೆ ಕಾರು ಅಂದಿದ್ದು..."

"ಇನ್ನೊಂದು ತಿನ್ನೇ, ಆರುತ್ತೆ."

"ನಾವು ಯಾರನ್ನೂ ಕರೀಲೇ ಇಲ್ವಲ್ಲ. ಎಲ್ರೂ ಹೇಗೆ ಬಂದ್ರಿ?"

"ಕಾರು ಕೂಗ್ತಲ್ಲ!" ಎಂದಳು ಕಾಹೊ, ಇಷ್ಟೂ ತಿಳಿಯದೇ ಎಂಬಂತೆ.

ಮಿಚಿರು ಮತ್ತೊಂದು ಮುದ್ದೆಯನ್ನು ಬಾಯಿಗಿಟ್ಟಳು. ಆಗ, ಆಚೆಯ ಓಣಿಯಿಂದ ಸಣ್ಣಗೆ ಒಂದು ಸದ್ದು ಬಂತು.

ವೂಂ... ವೂಂ...

ಅವಳು ಥಟ್ಟನೆದ್ದು ಕೈಗವಸು ತೊಟ್ಟಳು. ಗೋಡೆಗೆ ಒರಗಿಸಿದ್ದ ಸಲಿಕೆಗಳಲ್ಲಿ ಒಂದನ್ನು ತಾನು ಹಿಡಿದು, ಮತ್ತೊಂದನ್ನು ಕಾಹೊಳ ಕೈಗಿತ್ತಳು.

"ಎಲ್ಲಿಗೇ?"

ಬಾಯಿ ತುಂಬ ಮುದ್ದೆಯಿತ್ತು. ಮಿಚಿರು ಉತ್ತರ ಹೇಳಲಾಗದೆ ಸದ್ದು ಬಂದ ಕಡೆಗೆ ಓಡತೊಡಗಿದಳು.