ಬುಲ್ಟಿ ಸಿಗುತ್ತಿಲ್ಲ

ಮಂಗಳವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಬಂಗಾಳದ ಸಾಲ್ಟ್ ಲೇಕಿನ ಪೊಲೀಸ್ ಠಾಣೆಗೆ ದೂರು ಬಂತು. ತಂದವರು ರಾಮಕೃಷ್ಣ, ಮೈಸೂರಿನ ಕಡೆಯವರು, ಲಿಫ್ಟ್ ರಿಪೇರಿ ಮಾಡುವ ಸಣ್ಣ ಕಂಪನಿಯ ಮಾಲೀಕರು. ಇಲ್ಲಿನ ಇನ್ಸ್‌ಪೆಕ್ಟರ್ ಕನ್ನಡದವರೆಂದು ಯಾರೋ ಹೇಳಿದ್ದರು. ಅಷ್ಟಕ್ಕೇ ಅರ್ಧ ಕೇಸು ಗೆದ್ದ ಗತ್ತು ಅವರ ನಡಿಗೆಯಲ್ಲಿತ್ತು.

“ನಮಸ್ಕಾರ ಸಾರ್. ನಾವೂ ಆ ಕಡೆಯೋರೇ.”

“ಕೂಡ್ರಿ,” ಎಂದರು ಇನ್ಸ್‌ಪೆಕ್ಟರ್ ಶ್ರೀಕರ ಹೆಬಸೂರ. ಅವರ ತಂದೆ ಹುಬ್ಬಳ್ಳಿಯಿಂದ ರೈಲ್ವೆ ನೌಕರಿಗೆ ಬಂದವರು. ಮಗ ಬೆಳೆದದ್ದು ಹೌರಾದ ಕ್ವಾರ್ಟರ್ಸಿನಲ್ಲಿ, ಮಾತು ಮಾತ್ರ ಧಾರವಾಡದ್ದೇ. “ಏನ್ ಕಳುವಾಗೇತಿ?”

“ಫೋಲ್ಡರು ಸಾರ್. ಕಂಪ್ಯೂಟರಿಂದು. ಇನ್ನೂರು ಬಿಲ್ಡಿಂಗಿನ ಲಿಫ್ಟ್ ವೈರಿಂಗ್ ನಕ್ಷೆ ಎಲ್ಲಾ ಅದರೊಳಗೇ ಇತ್ತು. ನಮ್ಮಲ್ಲಿ ಒಂದು ದೊಡ್ಡ ಕಂಪ್ಯೂಟರಿದೆ. ನಕ್ಷೆ ಇರೋದು ಅದರಲ್ಲಿ. ಮಿಕ್ಕ ನಾಲ್ಕು ಕಂಪ್ಯೂಟರಿನೋರು ಕೂತಲ್ಲಿಂದಲೇ ತೆಗೆದು ನೋಡ್ತಾರೆ. ಸೋಮವಾರ ಬೆಳಿಗ್ಗೆಯಿಂದ ಒಬ್ಬರಿಗೂ ತೆರೀತಿಲ್ಲ. ಹುಡುಗರು ಕ್ಲಿಕ್ ಮಾಡಿ ಮಾಡಿ ಸಾಕಾದರು.”

“ಯಾರ ಮ್ಯಾಲೆ ಸಂಶಯ?”

“ಸಂಶಯ ಏನು ಬಂತು? ಅಭಯ. ನಮ್ಮ ಮೆಕ್ಯಾನಿಕ್ಕು. ಕಂಪ್ಯೂಟರು ನೋಡ್ಕೊಳ್ಳೋನೂ ಅವನೇ. ಶನಿವಾರ ನನ್ನ ಎದುರಿಗೆ ನಿಂತು ಬೆದರಿಕೆ ಹಾಕಿದ. ನಿನ್ನೆ ಮಧ್ಯಾಹ್ನ ಒಂದು ಕಟ್ಟಡದ ಲಿಫ್ಟು ನಡುವೆ ನಿಂತು, ನಕ್ಷೆ ಸಿಗದೆ, ಒಬ್ಬ ಗರ್ಭಿಣಿ ಹೆಂಗಸು ಒಂದೂವರೆ ಗಂಟೆ ಒಳಗಿದ್ಲು. ಪುಣ್ಯಕ್ಕೆ ಏನೂ ಆಗಲಿಲ್ಲ. ಅವನನ್ನ ನಿನ್ನೆಯೇ ಕೆಲಸದಿಂದ ತೆಗೆದೆ. ಒಳಗೆ ಹಾಕಿ ಸಾರ್, ಎರಡು ಬಿಟ್ಟರೆ ಬಾಯಿ ಬಿಡ್ತಾನೆ.”

“ಬಿಡೂದು ಆಮ್ಯಾಲೆ. ಮೊದಲ ಬರಸ್ರಿ.”

ಎಫ್‌ಐಆರ್ ದಾಖಲಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅರವತ್ತಾರನೇ ಕಲಮು. ಆ ಕಾಯ್ದೆಯ ಕೇಸನ್ನು ಇನ್ಸ್‌ಪೆಕ್ಟರಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಹಾಗಾಗಿ ಒಂದು ಫೋಲ್ಡರಿಗಾಗಿ ಹೆಬಸೂರರೇ ಎದ್ದರು. ಆರೋಪಿಯ ಕಾಲಂನಲ್ಲಿ ಅಭಯನ ಹೆಸರು ಕೂತಿತು. ಹೆಸರು ಕೂರುವುದಕ್ಕೆ ಎಷ್ಟು ಹೊತ್ತು ಬೇಕು? ಕಚೇರಿಯಲ್ಲಿ ಏನೇ ಕೆಟ್ಟರೂ ಮೊದಲು ಕೈ ಹೋಗುವುದು ಕೈ ಕೊಳೆ ಮಾಡಿಕೊಳ್ಳುವವನ ಕಾಲರಿಗೆ.

ಅಭಯನಿಗೆ ಫೋನ್ ಹೋಯಿತು. ಡಮ್ ಡಮ್‌ನಿಂದ ಬಸ್ಸು ಹತ್ತಿ ತಾನೇ ಬಂದ. ಗ್ರೀಸು ಹತ್ತಿದ ಪ್ಯಾಂಟು. ಬಲಗೈ ಬೆರಳುಗಳಿಗೆ ಬ್ಯಾಂಡೇಜು. ಹೆಬಸೂರರು ಬಂಗಾಳಿಯಲ್ಲೇ ಕೇಳಿದರು.

“ಶನಿವಾರ ಮಾಲೀಕರಿಗೆ ಏನಂದೆ?”

“ಬೆಲ್ಟ್ ಕೇಳಿದೆ. ಲಿಫ್ಟಿನ ಗುಂಡಿಗೆ ಇಳಿಯುವಾಗ ಸೊಂಟಕ್ಕೆ ಕಟ್ಕೊಳ್ಳೋ ಬೆಲ್ಟು. ಹಳೇದು ಹರಿದಿದೆ.”

“ಆಮೇಲೆ?”

“ಬೈದರು. ಹಾಗಾದ್ರೆ ನಿಮ್ಮ ಕಂಪ್ಯೂಟರು ನೀವೇ ನೋಡ್ಕೊಳ್ಳಿ ಅಂದೆ.”

“ನೋಡ್ಕೊಳ್ಳಲಿ ಅಂತ ಏನಾದರೂ ಮಾಡಿಟ್ಟೆಯಾ?”

“ಸರ್, ನಿನ್ನೆ ಆ ಗುಂಡಿಗೆ ಇಳಿದವನು ನಾನು. ಬೆಲ್ಟಿಲ್ಲದೆ. ನಕ್ಷೆ ಓದಿ ಹೇಳಿ ಅಂತ ಆಫೀಸಿಗೆ ಫೋನ್ ಮಾಡಿದವನೂ ನಾನೇ.” ಅಭಯ ಬ್ಯಾಂಡೇಜು ತೋರಿಸಿದ. “ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕ್ಕೋತೀನಾ? ಆಯಮ್ಮನ್ನ ಹೊರಗೆ ತಂದು ಆಫೀಸಿಗೆ ಹೋದ್ರೆ, ಬಾಗಿಲಲ್ಲೇ ಕಳ್ಳ ಅಂದ್ರು.”

“ಭಾನುವಾರ ಎಲ್ಲಿದ್ದೆ?”

“ಹೌರಾದಲ್ಲಿ, ಅಕ್ಕನ ಮನೇಲಿ. ಫೋನ್ ಮಾಡಿ ಕೇಳಿ.”

ಕೇಳಿದರು. ಅಕ್ಕ ಹೌದೆಂದಳು. ಜೊತೆಗೆ ಪೊಲೀಸರ ವಂಶಕ್ಕೇ ನಾಲ್ಕು ಮಾತು ಸೇರಿಸಿದಳು. ಹೆಬಸೂರರು ಅದನ್ನು ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲ.

“ಇಲ್ಲೇ ಬೆಂಚಿನ ಮೇಲೆ ಕೂತಿರು. ಚಹಾ ಕುಡಿ.”

ಮಧ್ಯಾಹ್ನ ಒಂದೂವರೆಗೆ ಸ್ಥಳ ಪಂಚನಾಮೆ. ಕಂಪನಿಯ ಕಚೇರಿಯೆಂದರೆ ಎರಡನೇ ಮಹಡಿಯಲ್ಲಿ ಎರಡು ಕೋಣೆ. ಪಂಚರಾಗಿ ಎದುರುಮನೆಯ ದರ್ಜಿ, ಕೆಳಗಿನ ಚಹಾ ಅಂಗಡಿಯವನು. ಜೊತೆಗೆ ಕಾನ್‌ಸ್ಟೆಬಲ್ ಚಂಪಾ. ಠಾಣೆಯ ಕಂಪ್ಯೂಟರು ನೋಡಿಕೊಳ್ಳುವವಳು. ಬಂಗಾಳದವಳು, ಕನ್ನಡ ಬಾರದು, ಮಾತು ಕಡಿಮೆ.

ಹೊರಗಿನ ಕೋಣೆಯ ನಾಲ್ಕು ಕಂಪ್ಯೂಟರಿನಲ್ಲೂ ಒಂದೇ ಚಿತ್ರ. ಫೋಲ್ಡರಿನ ಗುರುತು ಒತ್ತಿದರೆ, ‘ಬುಲ್ಟಿ’ ಸಿಗುತ್ತಿಲ್ಲ ಎಂಬ ಸಂದೇಶ.

“ಬುಲ್ಟಿ ಅಂದ್ರ?”

“ದೊಡ್ಡ ಕಂಪ್ಯೂಟರಿನ ಹೆಸರು,” ಎಂದರು ರಾಮಕೃಷ್ಣ. “ಮೊದಲಿಂದಲೂ ಹಾಗೇ.”

“ಅದು ಎಲ್ಲೈತಿ?”

ಒಳಕೋಣೆಯಲ್ಲಿತ್ತು. ಮೇಜು, ಕುರ್ಚಿ, ಕುರ್ಚಿಯ ಬೆನ್ನಿಗೆ ಒಂದು ಶಾಲು. ಕಂಪ್ಯೂಟರಿನ ಪರದೆಗೆ ಬಿಳಿ ಬಟ್ಟೆ ಹೊದಿಸಿತ್ತು. ಚಂಪಾ ಬಟ್ಟೆಗೆ ಕೈ ಹಾಕಿದಳು.

“ಅದನ್ನ ತೆಗೀಬೇಡಿ!” ರಾಮಕೃಷ್ಣರ ದನಿ ಏರಿತು, ಮರುಕ್ಷಣ ಇಳಿಯಿತು. “ನನ್ನ ಹೆಂಡತಿ ಜಾಗ. ಶೋಭನಾ. ಈ ಊರಿನೋಳೇ. ಆಫೀಸು ಕಟ್ಟಿದ್ದೇ ಅವಳು. ಹೋದ ವರ್ಷ ದುರ್ಗಾ ಪೂಜೆಗೆ ಮುಂಚೆ ಹೋಗಿಬಿಟ್ಲು. ಆಮೇಲೆ ಇಲ್ಲಿ ಯಾರೂ ಕೂರಲ್ಲ. ಮಿಷನ್ನು ಮಾತ್ರ ಓಡ್ತಾ ಇರುತ್ತೆ.”

“ಅಂದ್ರ ಫೋಲ್ಡರ್ ಹೋಗೇತೋ ಇಲ್ಲೋ ಅಂತ ನೀವು ಈ ಬಟ್ಟೀ ತಗದು ನೋಡೇ ಇಲ್ಲ.”

ರಾಮಕೃಷ್ಣ ಕುರ್ಚಿಯ ಬೆನ್ನಿನ ಶಾಲನ್ನು ಸರಿಪಡಿಸಿದರು.

ಹೆಬಸೂರರೇ ಬಟ್ಟೆಯನ್ನು ಎರಡು ಕೈಯಲ್ಲಿ ತೆಗೆದು, ಮಡಚಿ, ಮೇಜಿನ ಮೇಲಿಟ್ಟರು. ರಾಮಕೃಷ್ಣ ಪಾಸ್‌ವರ್ಡ್ ಹೇಳಿದರು. ಪರದೆ ಬೆಳಗಿತು. ಫೋಲ್ಡರು ಅಲ್ಲೇ ಇತ್ತು. ಇನ್ನೂರು ನಕ್ಷೆಯೂ ಇದ್ದವು, ಒಂದೂ ಕದಲಿರಲಿಲ್ಲ. ಕಳುವಾದ ಮಾಲು ಕಳುವಾದ ಜಾಗದಲ್ಲೇ ಕೂತಿದೆ. ಒಬ್ಬನ ಅನ್ನ ಕಿತ್ತಾಗಿದೆ, ಜೈಲಿಗೆ ಕಳಿಸಲು ಬರೆಸಿಯಾಗಿದೆ. ಒಂದು ಬಟ್ಟೆ ಎತ್ತಿ ನೋಡುವ ವ್ಯವಧಾನ ಮಾತ್ರ ಯಾರಿಗೂ ಇರಲಿಲ್ಲ.

ಚಂಪಾ ಒಂದೊಂದಾಗಿ ನೋಡುತ್ತ ಹೋದಳು, ಹೆಬಸೂರರು ಬರೆಸುತ್ತ ಹೋದರು. ಕೇಬಲ್ಲು ಸರಿ ಇದೆ, ದೀಪ ಮಿನುಗುತ್ತಿದೆ. ಹಂಚಿಕೆ ಚಾಲೂ ಇದೆ. ಫೋಲ್ಡರ್ ತೆರೆಯಲು ಎಲ್ಲರಿಗೂ ಅನುಮತಿ ಇದೆ. ಆಕೆ ಹೊರಗಿನ ಕಂಪ್ಯೂಟರಿಗೆ ಹೋಗಿ, ದೊಡ್ಡದರ ನಂಬರು ಹಾಕಿ ಕರೆದಳು. ಓಗೊಟ್ಟಿತು. ಬುಲ್ಟಿ ಎಂದು ಹೆಸರು ಹಾಕಿ ಕರೆದಳು. ಓಗೊಡಲಿಲ್ಲ.

“ಸರ್, ಮನೆ ಅಲ್ಲೇ ಇದೆ, ಬಾಗಿಲೂ ತೆಗೆದಿದೆ. ಬಾಗಿಲ ಮೇಲಿನ ಹೆಸರು ಬದಲಾಗಿದೆ. ಇವರೆಲ್ಲ ಹಳೇ ಹೆಸರು ಹಿಡಿದು ಹುಡುಕ್ತಿದಾರೆ.” ಒಳಗೆ ಬಂದು ಪರದೆ ತೋರಿಸಿದಳು. “ಈಗ ಇದರ ಹೆಸರು ಲಿಫ್ಟ್-ಒಂದು. ಬದಲಾಯಿಸಿದ್ದು ಭಾನುವಾರ ಸಂಜೆ ನಾಲ್ಕೂ ಹತ್ತಕ್ಕೆ. ಮಿಷನ್ನೇ ಬರೆದಿಟ್ಟುಕೊಂಡಿದೆ.”

ಹೆಬಸೂರರು ಕಟ್ಟಡದ ಕಾವಲುಗಾರನನ್ನು ಕರೆಸಿದರು.

“ಭಾನುವಾರ ಸಂಜೆ ಮೇಲೆ ಯಾರು ಬಂದಿದ್ದರು?”

“ಬೇರೆ ಯಾರೂ ಇಲ್ಲ ಸರ್. ಈ ಸಾಹೇಬರೇ, ಮಗಳ ಜೊತೆ. ಸಾಹೇಬರು ಕೆಳಗೆ ನನ್ನ ಹತ್ರ ಕೂತು ಚಹಾ ಕುಡಿದರು. ದೀದಿ ಒಬ್ಬರೇ ಮೇಲೆ ಹೋದರು.”

ಹೆಬಸೂರರು ರಾಮಕೃಷ್ಣರ ಕಡೆ ತಿರುಗಿದರು. “ಇದನ್ನ ಮುಂಜಾನೆ ಹೇಳಲಿಲ್ಲಲ್ರೀ?”

“ಪ್ರಿಂಟ್ ತೆಗೆಯೋಕೆ ಬಂದಿದ್ಲು ಸಾರ್, ಕಾಲೇಜಿಂದು. ಮನೆ ಮಗು. ಅದನ್ನ ಯಾಕೆ ಹೇಳ್ಬೇಕು?”

“ಹೌದ್ರಿ. ಸಂಶಯಕ್ಕ ಮನೀ ಮಂದಿ ಬ್ಯಾಡ. ಹೊರಗಿನಾಂವ ಇದ್ದನಲ್ಲ.”

ಮೂರೂವರೆಗೆ ಪ್ರಕೃತಿ ಬಂದಳು. ಇಪ್ಪತ್ತು ವರ್ಷ. ಮುಖದ ಬೆವರು ಕೂಡ ಒರೆಸಿರಲಿಲ್ಲ.

“ಅಪ್ಪಾ, ವಾಟ್ ಹ್ಯಾಪನ್ಡ್? ಫೋನಲ್ಲಿ ಪೊಲೀಸ್ ಅಂದ್ರು.”

“ಕೂಡು ತಂಗಿ,” ಎಂದರು ಹೆಬಸೂರ. “ರವಿವಾರ ಇಲ್ಲಿ ಏನ್ ಮಾಡಿದಿ?”

“ಪ್ರಿಂಟ್ ತೆಗೆದೆ.”

“ಮತ್ತ?”

ಅವಳು ಮಡಚಿಟ್ಟ ಬಟ್ಟೆಯನ್ನು ನೋಡಿದಳು. “ನೇಮ್ ಚೇಂಜ್ ಮಾಡಿದೆ ಅಂಕಲ್. ಅಷ್ಟೇ. ಫೋಲ್ಡರ್ ಮುಟ್ಟಿಲ್ಲ, ಪ್ರಾಮಿಸ್.”

“ಹೆಸರು ಬದಲಾದ್ರ ಯಾರಿಗೂ ಸಿಗೂದಿಲ್ಲ ಅಂತ ಗೊತ್ತಿತ್ತೇನು?”

“ಇಲ್ಲ. ಐ ಸ್ವೇರ್.”

“ನಿನ್ನೆ ಅಭಯ ನಕ್ಷಿ ಇಲ್ದ ಗುಂಡಿಗೆ ಇಳದಾನ. ಮಧ್ಯಾಹ್ನದಿಂದ ನನ್ನ ಠಾಣೆದಾಗ ಕುಂತಾನ, ಕಳ್ಳ ಅನಿಸಿಕೊಂಡು.”

“ಅಭಯ್‌ದಾ? ಅಭಯಣ್ಣ ಯಾಕೆ?” ಅವಳ ಕಣ್ಣು ತುಂಬಿತು. “ಅಪ್ಪಾ, ಅವರು ಯಾಕೆ?”

“ಹೆಸರು ಯಾಕ ಬದಲಿ ಮಾಡಿದಿ?”

“ಬುಲ್ಟಿ ಯಾರು ಅಂತ ಇವರಿಗೆ ಹೇಳಿ ಅಪ್ಪಾ.”

ಕನ್ನಡ ಬಾರದ ಚಂಪಾಗೆ ಆ ವಾಕ್ಯದಲ್ಲಿ ಹೆಸರಷ್ಟೇ ಅರ್ಥವಾಯಿತು, ಆದರೂ ಅವಳೇ ಮೊದಲು ತಲೆ ತಗ್ಗಿಸಿದಳು. ಈ ಊರಲ್ಲಿ ಪ್ರತಿಯೊಬ್ಬರಿಗೂ ಲೋಕಕ್ಕೊಂದು ಹೆಸರು, ಮನೆಗೊಂದು ಹೆಸರು. ಮನೆಯ ಹೆಸರನ್ನು ಅಮ್ಮ, ಅಜ್ಜಿ ಕರೆಯುತ್ತಾರೆ. ಹೊರಗಿನವರಿಗೆ ಅದು ತಿಳಿಯುವುದೂ ಇಲ್ಲ.

ರಾಮಕೃಷ್ಣ ಶಾಲಿದ್ದ ಕುರ್ಚಿಯನ್ನು ಬಿಟ್ಟು ನೆಲದ ಮೇಲೇ ಕೂತರು. “ಮೊದಲ ಕಂಪ್ಯೂಟರು ತಂದಾಗ ಇದಕ್ಕೇನು ಹೆಸರಿಡೋದು ಅಂತ ಅಂಗಡಿಯೋನು ಕೇಳಿದ. ಶೋಭನಾನ ಮನೇಲಿ ಕರೀತಿದ್ದ ಹೆಸರು, ಬುಲ್ಟಿ ಅಂದುಬಿಟ್ಟೆ, ಅವಳನ್ನ ರೇಗಿಸೋಕೆ. ಹುಡುಗರಿಗೆಲ್ಲ ಅವಳು ಶೋಭನಾದಿ, ಅಕ್ಕ. ಬುಲ್ಟಿ ಯಾರು ಅಂತ ಯಾರಿಗೂ ಗೊತ್ತಿಲ್ಲ. ‘ಇವತ್ತು ಬುಲ್ಟಿ ನಿಧಾನ, ಬುಲ್ಟಿಗೆ ಒಂದು ಒದೆ ಬೇಕು’ ಅಂತ ಅವರು ಅಂದಾಗೆಲ್ಲ ಈ ಕುರ್ಚಿಯಿಂದ ತಿರುಗಿ ನನ್ನ ಹೀಗೆ ದುರುಗುಟ್ಟೋಳು. ನಮ್ಮಿಬ್ಬರದೇ ತಮಾಷೆ ಸಾರ್ ಅದು.”

“ಶನಿವಾರ ನಾನು ಹೊರಗಿನ ರೂಮಲ್ಲಿ ಬಿಲ್ ಟೈಪ್ ಮಾಡ್ತಿದ್ದೆ,” ಎಂದಳು ಪ್ರಕೃತಿ. “ಯಾರೋ ಫೋನಲ್ಲಿ ಹೇಳಿದ್ರು, ಬುಲ್ಟಿ ಸತ್ತೋದ್ಲು, ಐದು ನಿಮಿಷ ತಾಳು ಅಂತ. ಎಲ್ರೂ ನಕ್ರು. ಯೂ ಆಲ್ಸೋ ಲಾಫ್ಡ್, ಅಪ್ಪಾ.”

“ನಗದೆ ಏನ್ಮಾಡ್ಲಿ ಪುಟ್ಟಾ? ಆ ಹೆಸರು ಕೂಗೋಕೆ ಇನ್ಯಾರಿದಾರೆ? ನಿಮ್ಮಜ್ಜಿನೂ ಇಲ್ಲ. ಕೆಟ್ಟಿದೆ ಅಂತಾದ್ರೂ ಆಗ್ಲಿ, ಸತ್ತಿದೆ ಅಂತಾದ್ರೂ ಆಗ್ಲಿ, ದಿನಕ್ಕೆ ನಾಲ್ಕು ಸಲ ಯಾರಾದ್ರೂ ಬುಲ್ಟಿ ಅಂದ್ರೆ ಸಾಕಿತ್ತು ನಂಗೆ.”

ಪ್ರಕೃತಿ ಅಪ್ಪನ ಪಕ್ಕ ಕುಸಿದು ಕೂತಳು. ದರ್ಜಿ ಕಿಟಕಿಯ ಕಡೆ ತಿರುಗಿದ. ರಾಮಕೃಷ್ಣ ಕನ್ನಡಕ ಒರೆಸಿಕೊಂಡು ಎದ್ದರು.

“ಸಾರ್, ಇದು ಮನೆ ವಿಷಯ. ಕಂಪ್ಲೇಂಟು ವಾಪಸ್ ತಗೋತೀನಿ.”

“ಮುಂಜಾನೆ ಅಭಯನ ಹೆಸರು ಬರಸುವಾಗ ಪೊಲೀಸ್ ವಿಷಯ, ಈಗ ಮನೀ ವಿಷಯ? ಎಫ್‌ಐಆರ್ ಅಳಸೂ ರಬ್ಬರ್ ನನ್ನ ಠಾಣೆದಾಗಿಲ್ರೀ. ಕೋರ್ಟಿನಾಗ ರಾಜಿ ಆಗ್ರಿ, ಕಾನೂನಿನಾಗ ಜಾಗಾ ಐತಿ. ನನ್ನ ಕೆಲಸ ನಾ ಮಾಡತೀನಿ.”

ಹೊತ್ತು ಮುಳುಗಿದ ಮೇಲೆ ಹೆಣ್ಣನ್ನು ಬಂಧಿಸುವಂತಿಲ್ಲವಾದ್ದರಿಂದ, ನಾಲ್ಕೂ ಇಪ್ಪತ್ತಕ್ಕೇ ಚಂಪಾ ಪ್ರಕೃತಿಯನ್ನು ಬಂಧಿಸಿದಳು. ಕೈ ಹಿಡಿಯಲಿಲ್ಲ. ಹೊರಡುವ ಮುನ್ನ ಒಂದು ಲೋಟ ನೀರು ಕೊಟ್ಟಳು, ಪರದೆಗೆ ಬಟ್ಟೆ ಹೊದಿಸಲು ಹೋದವಳು ಪ್ರಕೃತಿಯ ಮುಖ ನೋಡಿ ಬಿಟ್ಟಳು.

ಠಾಣೆಯಲ್ಲೇ ಜಾಮೀನು ಕೊಡಬಹುದಾದ ಅಪರಾಧ. ಯಾರು ನಿಲ್ಲುತ್ತಾರೆ?

“ನಾನೇ,” ಎಂದರು ರಾಮಕೃಷ್ಣ.

“ಫಿರ್ಯಾದಿನೂ ನೀವ, ಜಾಮೀನೂ ನೀವ? ಜಡ್ಜ್ ಸಾಹೇಬರು ನಗತಾರ.”

ಬೆಂಚಿನಿಂದ ಅಭಯ ಎದ್ದ. ಚಂಪಾ ಅವನಿಗೆ ನಡೆದದ್ದನ್ನು ಹೇಳಿದ್ದಳು. ಅವನ ಮುಖದಲ್ಲಿ ಮಧ್ಯಾಹ್ನದ ಸಿಟ್ಟು ಹಾಗೇ ಇತ್ತು, ಆದರೆ ಅದಕ್ಕೆ ಹೋಗಲು ದಾರಿ ಇರಲಿಲ್ಲ.

“ನಾನು ನಿಲ್ತೀನಿ ಸರ್. ಫೋನಲ್ಲಿ ಆ ಮಾತು ಆಡಿದ್ದು ನಾನೇ.” ಪ್ರಕೃತಿಯ ಕಡೆ ನೋಡದೆ ಹೇಳಿದ, “ಶೋಭನಾದಿ ಅಂತ ಗೊತ್ತಿದ್ರೆ ನಾಲಿಗೆ ಕಡ್ಕೋತಿದ್ದೆ. ಈ ಕೆಲಸ ಕಲಿಸಿದ್ದೇ ಅವರು.”

ಬ್ಯಾಂಡೇಜು ಸುತ್ತಿದ ಬೆರಳಲ್ಲಿ ಪೆನ್ನು ಹಿಡಿದು ಸಹಿ ಹಾಕಿದ. ಹೆಬಸೂರರು ರಾಮಕೃಷ್ಣರನ್ನೇ ನೋಡುತ್ತ ಕೂತರು. ಆ ನೋಟ ರಾಮಕೃಷ್ಣರಿಗೆ ಅರ್ಥವಾಯಿತು.

“ತಪ್ಪಾಯ್ತು ಅಭಯ್,” ಎಂದರು, ಎಲ್ಲರೆದುರಿಗೆ, ಬಂಗಾಳಿಯಲ್ಲಿ. “ನಾಳೆಯಿಂದ ಬಾ.”

“ತಪ್ಪು ಹಾಗಿರಲಿ ಸರ್. ಬೆಲ್ಟು ಯಾವಾಗ?”

“ನಾಳೆ. ಬಾಗಿಲು ತೆಗೆಯೋ ಹೊತ್ತಿಗೆ ಮೇಜಿನ ಮೇಲಿರುತ್ತೆ.”

“ಇದನ್ನೂ ಬರಕೋ ಚಂಪಾ,” ಎಂದರು ಹೆಬಸೂರ. ಕನ್ನಡದಲ್ಲಿ ಹೇಳಿದ್ದು ನೆನಪಾಗಿ, ಬಂಗಾಳಿಯಲ್ಲಿ ಮತ್ತೊಮ್ಮೆ ಹೇಳಿದರು.

ಆ ರಾಜಿ ಮುಂದೆ ನ್ಯಾಯಾಲಯದಲ್ಲಿ ಆಯಿತು. ಬುಧವಾರ ಹೆಬಸೂರರು ಕೇಸ್ ಡೈರಿ ಬರೆಯುವಾಗ, ಅಪರಾಧದ ಉದ್ದೇಶ ಎಂದಿರುವ ಕಡೆ ಪೆನ್ನು ನಿಂತಿತು. ದ್ವೇಷವಲ್ಲ, ಲಾಭವಲ್ಲ. ಕೊನೆಗೆ ಹೀಗೆ ಬರೆದರು: ‘ಸತ್ತಳು ಎಂಬ ಮಾತನ್ನು ಮತ್ತೆ ಮತ್ತೆ ಕೇಳಲಾರದೆ.’ ಇನ್ನು ಫೋಲ್ಡರು ತೆರೆಯುತ್ತಿದೆಯೇ ಎಂದು ಖಚಿತಪಡಿಸಿ ಬರೆಯಬೇಕಿತ್ತು. ಕಚೇರಿಗೆ ಫೋನ್ ಮಾಡಿದರು. ಎತ್ತಿದವಳು ಪ್ರಕೃತಿ.

“ಎಲ್ಲರಿಗೂ ತೆರೀತಿದೆ ಅಂಕಲ್. ಹೆಸರು ಹಳೇದೇ ಇಟ್ವಿ. ನಾನೇ ಹೇಳಿದೆ, ಇರಲಿ ಅಂತ.”

ಅವಳ ಹಿಂದೆ, ಇನ್ನೊಂದು ಫೋನಿನಲ್ಲಿ, ಯಾವುದೋ ಲಿಫ್ಟಿನ ಬಳಿ ನಿಂತ ಮೆಕ್ಯಾನಿಕ್ಕಿಗೆ ಅಭಯ ಹೇಳುತ್ತಿದ್ದುದು ಹೆಬಸೂರರಿಗೆ ಕೇಳಿಸಿತು.

“ಒಂದು ನಿಮಿಷ ತಾಳೋ. ಬುಲ್ಟಿದಿಗೆ ಸ್ವಲ್ಪ ಕಣ್ಣು ಹತ್ತಿದೆ, ಎಬ್ಬಿಸ್ತಿದೀನಿ.”